ಸಹಿ ಹಾಕಿಸಿಕೊಂಡರೆ ಹೊಣೆ ತೀರೀತೇ?

ಗುಡ್ಡದ ಓಟದ ಸ್ಪರ್ಧೆಗೆ ಹೆಸರು ಕೊಡುವ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರಗಳ ಒಂದು ಒಕ್ಕಣೆ ಇರುವುದು ವಾಡಿಕೆ. ಗಾಯವಾಗಲಿ ಮರಣವಾಗಲಿ ಸಂಭವಿಸಿದರೆ ಆಯೋಜಕರು ಹೊಣೆಗಾರರಲ್ಲ ಎಂಬುದು ಅದರ ತಾತ್ಪರ್ಯ. ಓಟಗಾರ ಓದದೆಯೇ ಸಹಿ ಹಾಕುತ್ತಾನೆ. ಆಯೋಜಕರಿಗೂ ಅವನು ಓದಲೇಬೇಕೆಂಬ ಆಗ್ರಹವಿಲ್ಲ. ನಮ್ಮ ಘಟ್ಟಗಳಲ್ಲಿಯೂ ಇಂತಹ ಓಟಗಳು ನಡೆಯುತ್ತಿರುವ ಈ ಕಾಲದಲ್ಲಿ, ಆ ಸಹಿಯ ಬೆಲೆಯೇನೆಂಬುದನ್ನು ಮಲೆನಾಡಿನ ನಾವು ವಿಚಾರಿಸಲೇಬೇಕಾಗಿದೆ.

ಈ ಆಟದ ತವರು ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್. ಅಲ್ಲಿ ‘ಫೆಲ್’ ಎಂದರೆ ಕುರಿ ಮೇಯುವ ಬೋಳುಗುಡ್ಡ. ನಮ್ಮ ಬ್ಯಾಣವನ್ನು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಚಳಿಗೆ ಒಯ್ದಂತೆ. ಗ್ರಾಸ್ಮಿಯರ್‌ನಂತಹ ಹಳ್ಳಿಗಳಲ್ಲಿ 19ನೆಯ ಶತಮಾನದಿಂದಲೇ ಊರ ಕ್ರೀಡಾಕೂಟದ ಅಂಗವಾಗಿ ಗುಡ್ಡವೇರಿ ಇಳಿಯುವ ಪಂದ್ಯ ನಡೆದುಬಂದಿದೆ. 1975ರಲ್ಲಿ 24 ಗಂಟೆಯೊಳಗೆ 72 ಶಿಖರಗಳನ್ನು ಓಡಿ ಮುಗಿಸಿದ ಜಾಸ್ ನೇಲರ್ ವಾಸ್ಡೇಲ್ ಕಣಿವೆಯಲ್ಲಿ ಕುರಿ ಸಾಕುತ್ತಿದ್ದ ರೈತರು. ಇಂದಿಗೂ ಅಲ್ಲಿನ ಹೆಚ್ಚಿನ ಓಟಗಳನ್ನು ನಡೆಸುವವರು ಸ್ವಯಂಸೇವಕರು, ಪ್ರವೇಶಧನವೂ ಅಲ್ಪ.

ಅಂಥವರೇ ಕೂಡಿ 1970ರಲ್ಲಿ ಕಟ್ಟಿದ ಫೆಲ್ ರನ್ನರ್ಸ್ ಅಸೋಸಿಯೇಷನ್ನಿನ ನಿಯಮಗಳಲ್ಲಿ ಆಡಂಬರವೇನಿಲ್ಲ. ದೀರ್ಘ ಓಟಗಳಲ್ಲಿ ಗಾಳಿಮಳೆ ತಡೆಯುವ ಉಡುಪು, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ತುರ್ತಿಗೆ ಒಂದಿಷ್ಟು ಆಹಾರ ಪ್ರತಿಯೊಬ್ಬನ ಬಳಿಯೂ ಇರಬೇಕು. ಓಟವನ್ನು ಅರ್ಧಕ್ಕೆ ಬಿಟ್ಟವನು ಮುಕ್ತಾಯದ ಸ್ಥಳಕ್ಕೆ ವರದಿ ಮಾಡಲೇಬೇಕು. ಗುಡ್ಡಕ್ಕೆ ಹೋದವರೆಷ್ಟು, ಇಳಿದವರೆಷ್ಟು ಎಂಬ ಲೆಕ್ಕ ತಾಳೆಯಾಗಬೇಕು. ಇಷ್ಟಿದ್ದೂ 2012ರ ಏಪ್ರಿಲ್‌ನಲ್ಲಿ ಕೆಟ್ಟ ಹವೆಯ ನಡುವೆ ನಡೆದ ಬಟರ್‌ಮಿಯರ್ ಸೈಲ್‌ಬೆಕ್ ಓಟದಲ್ಲಿ ಓಟಗಾರನೊಬ್ಬ ಪ್ರಾಣ ಕಳೆದುಕೊಂಡ. ಸಾವಿನ ವಿಚಾರಣೆಯ ತರುವಾಯ ಸಂಘವು ನಿಯಮಗಳನ್ನು ಪುನಃ ಬರೆಯಿತು. ಹೊಸ ನಿಯಮಗಳು ಸ್ವಯಂಸೇವಕರ ಕೊರಳಿಗೆ ಉರುಳಾಗುತ್ತವೆಂದು ಆಯೋಜಕರಲ್ಲಿಯೇ ಕಟುವಾದ ವಾಗ್ವಾದ ನಡೆಯಿತು.

ಆ ವಾಗ್ವಾದದಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಒಂದಿದೆ: ಗುಡ್ಡಕ್ಕೆ ಹೋಗುವವನು ವಯಸ್ಕ, ತನ್ನ ಹೊಣೆ ತಾನೇ ಹೊರಲಿ. ಈ ಮಾತಿನಲ್ಲಿ ಸ್ವಾಭಿಮಾನವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಚಳಿಯು ಮನುಷ್ಯನನ್ನು ಕೊಲ್ಲುವ ಬಗೆಯನ್ನು ನೋಡಿ. ಓಡುತ್ತಿರುವ ತನಕ ದೇಹ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕಾಲು ಉಳುಕಿಯೋ ದಾರಿ ತಪ್ಪಿಯೋ ನಿಂತನೆಂದರೆ, ಬೆವರು ಮತ್ತು ಮಳೆಯಿಂದ ತೊಯ್ದ ಮೈಯ ಶಾಖವನ್ನು ಗಾಳಿ ಹೀರತೊಡಗುತ್ತದೆ. ನಡುಕ, ತೊದಲು, ಆಮೇಲೆ ಬುದ್ಧಿಗೆ ಮಂಕು. ಚೀಲದಲ್ಲಿರುವ ಅಂಗಿಯನ್ನು ತೆಗೆದು ತೊಡಬೇಕೆಂಬ ವಿವೇಕವೂ ಉಳಿಯುವುದಿಲ್ಲ. ಬೆಳಗ್ಗೆ ಬಿಸಿ ಚಹಾ ಕುಡಿಯುತ್ತಾ ಸಹಿ ಹಾಕಿದ ವಯಸ್ಕನು ಮಧ್ಯಾಹ್ನದ ಹೊತ್ತಿಗೆ ಅದೇ ಮನುಷ್ಯನಾಗಿರುವುದಿಲ್ಲ. ಆಗ ಅವನ ಪರವಾಗಿ ಯೋಚಿಸಬೇಕಾದವರು ಯಾರು?

ಚೀನಾದ ಗನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ಈ ಪ್ರಶ್ನೆಗೆ ಉತ್ತರಿಸುವವರೇ ಇರಲಿಲ್ಲ. 100 ಕಿಲೋಮೀಟರ್ ಓಟಕ್ಕೆ ಹೊರಟವರು 172 ಮಂದಿ. ಗಾಳಿ ತಡೆಯುವ ಅಂಗಿ ಕಡ್ಡಾಯವಾಗಿರಲಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯಿದ್ದರೂ ಓಟ ನಿಲ್ಲಲಿಲ್ಲ. ವಾಹನ ತಲುಪದ ಕಡಿದಾದ ಏರಿನಲ್ಲಿ ಆಲಿಕಲ್ಲು, ಮಳೆ, ಬಿರುಗಾಳಿ ಎರಗಿ 21 ಮಂದಿ ಸತ್ತರು. ಆರು ಜನರನ್ನು ಉಳಿಸಿದವನು ಮಳೆಗೆ ಗುಹೆಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಕುರಿಗಾಹಿ! ಮುಂದಿನ ತಿಂಗಳು ಸರ್ಕಾರ ದೇಶದಾದ್ಯಂತ ಇಂತಹ ಓಟಗಳನ್ನೇ ತಡೆಹಿಡಿಯಿತು. ಒಬ್ಬರ ನಿರ್ಲಕ್ಷ್ಯಕ್ಕೆ ಎಲ್ಲರ ಗುಡ್ಡಕ್ಕೂ ಬೀಗ. ಇದನ್ನೂ ನಾವು ಒಪ್ಪಲಾರೆವು.

ಹೊಣೆ ಹೊರಿಸಿದರೆ ಆಟವೇ ಅಳಿಯುತ್ತದೆಂದು ಹೆದರಿಸುವವರು ಬ್ರಿಟನ್ನಿನ ಕಾನೂನನ್ನು ಗಮನಿಸಲಿ. ಕಣ್ಣಿಗೆ ಕಾಣುವ ಅಪಾಯವನ್ನು ತಿಳಿದೇ ಆರಿಸಿಕೊಂಡ ವಯಸ್ಕನನ್ನು ಅವನಿಂದಲೇ ಕಾಪಾಡುವ ಹೊಣೆ ಇತರರಿಗಿಲ್ಲವೆಂದು ಕಾಂಗಲ್‌ಟನ್ ಕೆರೆಯ ಪ್ರಕರಣದಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿಯೇ ತೀರ್ಪಿತ್ತಿದೆ. ಆದರೆ ವ್ಯವಹಾರವಾಗಿ ನಡೆಯುವ ಚಟುವಟಿಕೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿನ ಹೊಣೆಯನ್ನು ಯಾವ ಕರಾರಿನಿಂದಲೂ ಕಳಚಿಕೊಳ್ಳಲಾಗದೆಂದು 1977ರ ಕಾಯಿದೆ ಹೇಳುತ್ತದೆ. ಗುಡ್ಡ ಜಾರುತ್ತಿತ್ತೆಂದು ಯಾರೂ ಆಯೋಜಕನನ್ನು ಕಟಕಟೆಗೆ ಎಳೆಯುವುದಿಲ್ಲ; ತಲೆ ಎಣಿಸಿದೆಯಾ ಎಂದು ಕೇಳುತ್ತಾರೆ. ನಮ್ಮಲ್ಲಿ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಸತ್ತವನ ಸಹಿಯೊಂದಿದೆ ಎಂಬ ಮಾತ್ರಕ್ಕೆ ಆ ಮೊಕದ್ದಮೆ ಇಲ್ಲವಾಗದು.

ನಮ್ಮ ಘಟ್ಟದಲ್ಲಿ ಹಿಮವಿಲ್ಲ, ನಿಜ. ಮಂಜಿದೆ, ಅರ್ಧ ಗಂಟೆಯಲ್ಲಿ ದಾಟಲಾಗದಂತೆ ಉಕ್ಕುವ ಹಳ್ಳವಿದೆ, ಮೊಬೈಲ್ ಸಿಗ್ನಲ್ ಸಿಗದ ಕಣಿವೆಗಳಿವೆ. ಮಳೆಗಾಲದಲ್ಲಿ ದನ ಕಾಯಲು ಹೊರಟವನೂ ಕಂಬಳಿಕೊಪ್ಪೆಯಿಲ್ಲದೆ ಅಂಗಳ ದಾಟುವುದಿಲ್ಲ. ನಗರದಿಂದ ಬಂದವನನ್ನು ಮಾತ್ರ ಒಂದು ತೆಳು ಬನಿಯನ್ನಿನಲ್ಲಿ ಗುಡ್ಡಕ್ಕೆ ಬಿಟ್ಟರಾದೀತೇ? ಅವನು ಕಾಣೆಯಾದ ರಾತ್ರಿ ಟಾರ್ಚು ಹಿಡಿದು ಹುಡುಕಹೊರಡುವವರು ಊರಿನ ಹುಡುಗರು ಮತ್ತು ಅರಣ್ಯ ಇಲಾಖೆಯ ವಾಚರುಗಳು. ಆ ಅರ್ಜಿಯಲ್ಲಿ ಇವರ ಸಹಿಯನ್ನು ಯಾರೂ ಕೇಳಿರುವುದಿಲ್ಲ.

ಆದುದರಿಂದ ಇನ್ನು ಮುಂದೆ ಓಟದ ಆಯೋಜಕರು ಅನುಮತಿಗೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ಕೇಳೋಣ: ಪ್ರತಿ ಠಾಣೆಯಲ್ಲಿ ಎಣಿಸುವವರು ಯಾರು? ಹೊರಡುವ ಮುನ್ನ ಚೀಲ ಬಿಚ್ಚಿಸಿ ನೋಡುವವರು ಯಾರು? ಹವೆ ಕೆಟ್ಟರೆ ಪ್ರಾಯೋಜಕರ ಮುಖ ನೋಡದೆ ಓಟ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಅಂದು ಎಲ್ಲಿ ನಿಂತಿರುತ್ತಾರೆ? ಉತ್ತರಗಳನ್ನು ಹೆಸರು ಸಹಿತ ಬರೆದುಕೊಟ್ಟು, ಅದರ ಕೆಳಗೆ ಅವರೇ ಸಹಿ ಹಾಕಲಿ.