ಗಾಂಧಿ ಕ್ಲಾಸಿನಿಂದ: ಮೊಡವೆಗೆ ಮಾತ್ರೆ, ಎದೆಗೆ ಬೆಂಕಿ!

ಚಿತ್ರರಸಿಕ ಮಿತ್ರರೇ, ಈ ವಾರ ಒಂದು ಪ್ರಶ್ನೆ. ಬೆಳ್ಳಿತೆರೆಯ ಮೇಲೆ ಕ್ಲೋಸಪ್ ಬಿದ್ದಾಗ ನಮ್ಮ ಹೀರೋಗಳ ಗಲ್ಲದ ಮೇಲೆ ಒಂದೇ ಒಂದು ಮೊಡವೆ ಕಂಡಿದ್ದೀರಾ? ಕಾಲೇಜು ಹುಡುಗನ ಪಾತ್ರ, ವಯಸ್ಸು ಹತ್ತೊಂಬತ್ತು, ಹಿಂದೆ ಗೆಳೆಯರ ದಂಡು, ಮುಂದೆ ವಿಲನ್ನು... ಎಲ್ಲಾ ಇದೆ, ಮೊಡವೆ ಮಾತ್ರ ಇಲ್ಲ! ಆ ವಯಸ್ಸಿಗೆ ದೇವರು ಕೇಳದೇ ಧಾರಾಳವಾಗಿ ಕೊಡುವ ವಸ್ತು ಅದೊಂದೇ ಅಲ್ಲವೇ ಸ್ವಾಮೀ?

ಗುಟ್ಟು ದೊಡ್ಡದೇನಲ್ಲ. ಮೇಕಪ್‌ಮ್ಯಾನ್ ಬಳಿಯುವ ಫೌಂಡೇಶನ್ನು, ಕ್ಯಾಮರಾಮ್ಯಾನ್ ಇಡುವ ದೀಪ. ಅದೂ ಸಾಲದಿದ್ದರೆ ಈಗ ಕಂಪ್ಯೂಟರಿನಲ್ಲಿ ಫ್ರೇಮು ಫ್ರೇಮಾಗಿ ಕಲೆ ಅಳಿಸುವವರೂ ಇದ್ದಾರೆ. ಹೀಗೆ ತೊಳೆದಿಟ್ಟ ಮುಖವನ್ನು ಎರಡೂವರೆ ಗಂಟೆ ನೋಡಿ ಮನೆಗೆ ಬಂದು ಕನ್ನಡಿ ಎದುರು ನಿಂತರೆ ನಮ್ಮ ಹುಡುಗರ ಎದೆ ಧಸಕ್ ಅನ್ನುತ್ತದೆ. "ಆ ಹೀರೋ ಮುಖಕ್ಕೆ ಏನು ಹಚ್ಚುತ್ತಾನೆ? ಯಾವ ಮಾತ್ರೆ ನುಂಗುತ್ತಾನೆ?" ಎಂದು ಕೇಳುವವರು ನಮ್ಮ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲೇ ನನಗೆ ಎಷ್ಟೋ ಜನ ಸಿಕ್ಕಿದ್ದಾರೆ. ಸಿನಿಮಾ ಬರೆಯುವವನಿಗೆ ಎಲ್ಲಾ ಗೊತ್ತು ಎಂಬ ನಂಬಿಕೆ!

ಆ ನಂಬಿಕೆಗಾದರೂ ಬೆಲೆ ಕೊಡೋಣ ಎಂದು ಈ ವಾರ ಗಾಸಿಪ್ಪು ಬದಿಗಿಟ್ಟು ಮಾತ್ರೆಯ ಕಥೆ ಹೇಳುತ್ತಿದ್ದೇನೆ. ಕಥೆಗೆ ಕಾರಣ ನಮ್ಮ ಓಣಿಯ ಒಬ್ಬ ಹುಡುಗ. ಹೆಸರು ಬೇಡ.

ರಾತ್ರಿ ಹನ್ನೊಂದರ ಹಾರ್ಟ್ ಅಟ್ಯಾಕ್!

ಹುಡುಗ ಡಿಗ್ರಿ ಎರಡನೇ ವರ್ಷ. ಮುಖದ ತುಂಬ ಮೊಡವೆ. ಒಂದೆರಡಲ್ಲ, ಕೀವು ತುಂಬಿ ಗಂಟು ಗಂಟಾದದ್ದು, ಬೆನ್ನಿಗೂ ಇಳಿದದ್ದು. ಕಾಲೇಜಿನಲ್ಲಿ ಅಡ್ಡಹೆಸರಿಟ್ಟರು. ಮೊದಲು ಹಿಂದಿನ ಬೆಂಚಿಗೆ ಹೋದ, ಆಮೇಲೆ ಕಾಲೇಜಿಗೇ ಹೋಗಲಿಲ್ಲ. ಅಕ್ಕನ ಮದುವೆಯ ಫೋಟೋದಲ್ಲಿ ಇವನೊಬ್ಬನೇ ಇಲ್ಲ. "ಮದುವೆಯಾದರೆ ಮೊಡವೆ ಹೋಗ್ತು" ಎಂದು ಅಜ್ಜಿ, "ಹಲಸಿನಹಣ್ಣು ತಿನ್ನಡ, ಹೀಟು" ಎಂದು ಅಮ್ಮ. ಹುಡುಗ ಇಬ್ಬರ ಮಾತನ್ನೂ ಬಿಟ್ಟು ಒಂದು ಮೆಡಿಕಲ್ ಶಾಪಿಗೆ ಹೋದ. ಚೀಟಿ ಕೇಳುವವರಿಲ್ಲ. ಒಂದು ಟ್ಯೂಬು, ಒಂದು ಸ್ಟ್ರಿಪ್ ಕ್ಯಾಪ್ಸೂಲು ಕೈಗೆ ಬಂತು. "ದಿನಕ್ಕೊಂದು ತಗೋ." ಎಷ್ಟು ದಿನ? ಅದನ್ನು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಎಂಟು ತಿಂಗಳು ನುಂಗಿದ!

ಒಂದು ರಾತ್ರಿ ಊಟವಾಗಿ, ಮೊಬೈಲಿನಲ್ಲಿ ಸಿನಿಮಾ ನೋಡುತ್ತಾ ಮಲಗಿದ್ದವನು ಮಾತ್ರೆ ನೆನಪಾಗಿ ಎದ್ದು ನೀರು ತರುವ ಸೋಮಾರಿತನಕ್ಕೆ ಹಾಗೇ ಬಾಯಿಗೆ ಹಾಕಿ ನುಂಗಿದ. ನಡುರಾತ್ರಿಗೆ ಎದೆಯ ನಡುವೆ ಕೊಳ್ಳಿ ಇಟ್ಟಂತೆ ಉರಿ. "ಅಣ್ಣಾ, ನೀರೂ ನುಂಗಲಾಗ್ತಿಲ್ಲೆ" ಎಂದು ಅಳುತ್ತಿದ್ದ. ಹಾರ್ಟ್ ಅಟ್ಯಾಕ್ ಎಂದೇ ಎಲ್ಲರ ತೀರ್ಮಾನ. ಜೀಪು ಮಾಡಿ ಹುಬ್ಬಳ್ಳಿಗೆ ಹೊರಟೆವು. ಸುಮಾರು ಎಪ್ಪತ್ತು ಕಿಲೋಮೀಟರ್ ದಾರಿ. ಅವನಪ್ಪ ಒಂದು ಮಾತೂ ಆಡಲಿಲ್ಲ.

ಇಸಿಜಿ ಆಯಿತು. ವೈದ್ಯರು ಎಲ್ಲಾ ಕೇಳಿ, ಜೇಬಿನಲ್ಲಿದ್ದ ಸ್ಟ್ರಿಪ್ಪು ನೋಡಿ, "ಹಾರ್ಟಿಗೆ ಏನೂ ಆಗಿಲ್ರೀ. ಗುಳಿಗಿ ಅನ್ನನಾಳದಾಗ ಕೂತು ಸುಟ್ಟೈತಿ. ಹುಣ್ಣಾಗೈತಿ" ಅಂದರು. ಆ ಮಾತ್ರೆ ಡಾಕ್ಸಿಸೈಕ್ಲಿನ್. ಒಳಗೆ ಅಂಟಿಕೊಂಡು ಕರಗಿದರೆ ಅನ್ನನಾಳದ ಒಳಪದರವನ್ನು ಸುಡುವ ಗುಣ ಅದಕ್ಕಿದೆ. ಒಂದು ದೊಡ್ಡ ಲೋಟ ನೀರಿನ ಜೊತೆ, ಕೂತು ಅಥವಾ ನಿಂತು ನುಂಗಬೇಕು. ನುಂಗಿದ ಮೇಲೆ ಕಡಿಮೆಯೆಂದರೆ ಅರ್ಧ ಗಂಟೆ ಮಲಗಬಾರದು. ಒಂದು ಲೋಟ ನೀರಿನ ಮಾತು ಯಾರೂ ಹೇಳದೇ ಹೋದದ್ದಕ್ಕೆ ಒಂದು ವಾರ ಗಂಜಿ, ಒಂದು ರಾತ್ರಿ ಯಮಯಾತನೆ.

ಮಣ್ಣಿನಿಂದ ಬಂದ ಹೀರೋ

ಅಂದ ಹಾಗೆ, ಈ ಮಾತ್ರೆಯ ವಂಶಾವಳಿಯೂ ಒಂದು ಒಳ್ಳೇ ಚಿತ್ರಕಥೆ. ಅಮೆರಿಕದ ಮಿಸೌರಿಯ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ, ಎಪ್ಪತ್ತು ದಾಟಿದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ ಹೊರತೆಗೆದ ಚಿನ್ನದ ಬಣ್ಣದ ಔಷಧಿ ಆರಿಯೋಮೈಸಿನ್. 1948ರಲ್ಲಿ ಅದು ಜಗತ್ತಿಗೆ ಗೊತ್ತಾಯಿತು. ಆ ಲೆಡರ್ಲಿ ಪ್ರಯೋಗಾಲಯದ ಸಂಶೋಧನಾ ನಿರ್ದೇಶಕರಾಗಿದ್ದವರು ಯಾರು ಗೊತ್ತೇ? ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್! (ಯಲ್ಲಾಪುರಕ್ಕೂ ಅವರಿಗೂ ಸಂಬಂಧವಿಲ್ಲ, ಹೆಸರು ಕೇಳಿ ಹಿಗ್ಗಬೇಡಿ.) ಅದೇ ವರ್ಷ ಅವರು ತೀರಿಕೊಂಡರು. ಆ ವಂಶದ ಮುಂದಿನ ಕುಡಿಯೇ 1967ರಲ್ಲಿ ಮಾರುಕಟ್ಟೆಗೆ ಬಂದ ಡಾಕ್ಸಿಸೈಕ್ಲಿನ್.

ಇನ್ನು ವಿಲನ್ನಿನ ಕಡೆ ನೋಡೋಣ. ಹರೆಯದಲ್ಲಿ ಗಂಡು ಹಾರ್ಮೋನು ಏರಿದಾಗ ಚರ್ಮದ ಕೆಳಗಿನ ಎಣ್ಣೆ ಗ್ರಂಥಿಗಳು ಹೆಚ್ಚು ಎಣ್ಣೆ ಸುರಿಸುತ್ತವೆ. ಸತ್ತ ಚರ್ಮ ಸೇರಿ ರಂಧ್ರದ ಬಾಯಿ ಮುಚ್ಚುತ್ತದೆ. ಒಳಗೆ ಮೊದಲಿಂದಲೂ ಇರುವ ಬ್ಯಾಕ್ಟೀರಿಯಾ ಆ ಎಣ್ಣೆಯಲ್ಲಿ ಬೆಳೆಯುತ್ತದೆ. ದೇಹ ಅದರ ಮೇಲೆ ಯುದ್ಧ ಸಾರುತ್ತದೆ. ಕೆಂಪು, ಬಾವು, ಕೀವು. ಇದೇ ಮೊಡವೆ. ಮುಖ ತೊಳೆಯದ್ದಕ್ಕೆ ಬಂದದ್ದಲ್ಲ, ಹಲಸಿನಹಣ್ಣಿನ ಹೀಟಿಗೂ ಅಲ್ಲ.

ಆಂಟಿಬಯಾಟಿಕ್ ಮಾತ್ರೆ ಇಲ್ಲಿ ಎರಡು ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾವನ್ನು ಹತ್ತಿಕ್ಕುತ್ತದೆ, ಬಾವು ಇಳಿಸುತ್ತದೆ. ಆದರೆ ಎಣ್ಣೆ ನಿಲ್ಲಿಸುವುದಿಲ್ಲ, ಮುಚ್ಚಿದ ಬಾಯಿ ತೆರೆಯುವುದಿಲ್ಲ. ಅದಕ್ಕೇ ಬರೀ ಮಾತ್ರೆ ನುಂಗಿದವರಿಗೆ ನಿಲ್ಲಿಸಿದ ಕೂಡಲೇ ಪಾರ್ಟ್ ಟೂ ಶುರು!

ಹಾಗಾದರೆ ಮಾತ್ರೆ ಬೇಡವೇ? ಹಾಗಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಹುಡುಗನನ್ನು ಆಮೇಲೆ ನೋಡಿದ ಚರ್ಮದ ವೈದ್ಯರು ಬಿಡಿಸಿ ಹೇಳಿದ್ದು ಇಷ್ಟು. ನಾಲ್ಕಾರು ಮೊಡವೆ, ಕಪ್ಪು ಚುಕ್ಕೆಗೆ ಮಾತ್ರೆ ಬೇಕಿಲ್ಲ, ಹಚ್ಚುವ ಔಷಧಿಯೇ ಸಾಕು. ಬಾವು ಜಾಸ್ತಿ ಇದ್ದು, ಎದೆ ಬೆನ್ನಿಗೂ ಹರಡಿದ್ದರೆ ಮಾತ್ರೆ. ಅದೂ ಒಂಟಿಯಾಗಿ ಅಲ್ಲ. ರಂಧ್ರ ತೆರೆಯುವ ಅಡಾಪಲೀನ್, ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯಿಲ್ ಪೆರಾಕ್ಸೈಡ್, ಇಂಥ ಹಚ್ಚುವ ಔಷಧಿ ಜೊತೆಗಿರಲೇಬೇಕು. (ಬೆಂಜಾಯಿಲ್ ಪೆರಾಕ್ಸೈಡ್ ಟವೆಲ್ಲು, ದಿಂಬಿನ ಬಣ್ಣ ತೆಗೆಯುತ್ತದೆ, ಅಮ್ಮನ ಹತ್ತಿರ ಬೈಸಿಕೊಳ್ಳಲು ಸಿದ್ಧರಾಗಿ.) ಗುಣ ಕಾಣಲು ಆರೆಂಟು ವಾರ ಬೇಕು. ಮೂರು ತಿಂಗಳ ಹೊತ್ತಿಗೆ ವೈದ್ಯರು ಮತ್ತೆ ನೋಡಿ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುತ್ತಾರೆ, ಹಚ್ಚುವುದು ಮುಂದುವರಿಯುತ್ತದೆ. ಎಂಟು ತಿಂಗಳು ತನ್ನಷ್ಟಕ್ಕೆ ನುಂಗುವ ಪದ್ಧತಿ ಯಾವ ಪುಸ್ತಕದಲ್ಲೂ ಇಲ್ಲ.

ಇನ್ನೂ ಕೆಲವು ಮಾತು. ಡಾಕ್ಸಿಸೈಕ್ಲಿನ್ ನುಂಗುವವನಿಗೆ ಬಿಸಿಲು ಬೇಗ ಸುಡುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲಿ, ಕ್ರಿಕೆಟ್ ಮೈದಾನದಲ್ಲಿ ದಿನವಿಡೀ ನಿಲ್ಲುವವರು ಜಾಗ್ರತೆ. ಕಬ್ಬಿಣ, ಕ್ಯಾಲ್ಸಿಯಂ, ಅಸಿಡಿಟಿಯ ಔಷಧಿ ಜೊತೆಗೇ ನುಂಗಿದರೆ ಮಾತ್ರೆ ಮೈಗೆ ಸೇರುವುದೇ ಕಡಿಮೆ. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಇದನ್ನು ಮೊಡವೆಗೆ ಕೊಡುವ ಮಾತೇ ಇಲ್ಲ. ನಿಮ್ಮ ಸ್ಟ್ರಿಪ್ಪನ್ನು ಅಕ್ಕನಿಗೋ ಅತ್ತಿಗೆಗೋ ದಾನ ಮಾಡಬೇಡಿ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಬೇರೆ ಮಾತ್ರೆ ಇದೆ. ಇವೆರಡನ್ನೂ ಒಟ್ಟಿಗೆ ನುಂಗಿದರೆ ತಲೆಬುರುಡೆಯೊಳಗಿನ ಒತ್ತಡ ಏರಿ ಕಣ್ಣಿಗೇ ಅಪಾಯ.

ಟ್ಯೂಬಿನೊಳಗಿನ ಖಳನಾಯಕ

ಹುಡುಗನ ಟ್ಯೂಬು ನೋಡಿ ವೈದ್ಯರು ನಿಜಕ್ಕೂ ಸಿಟ್ಟಾದರು. ಅದರಲ್ಲಿದ್ದದ್ದು ಸ್ಟೀರಾಯ್ಡ್. ಹಚ್ಚಿದ ವಾರದಲ್ಲಿ ಮುಖ ಫಳಫಳ, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆ ದುಪ್ಪಟ್ಟು. ಬಿಟ್ಟರೆ ಉರಿ, ಹಚ್ಚಿದರೆ ಹಾಳು! ಇಂಥ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್ ಪಟ್ಟಿಗೆ ಹಾಕಿತು. ಡಾಕ್ಸಿಸೈಕ್ಲಿನ್ನಿಗೂ ಅದೇ ಕಾನೂನು. ಸ್ಟ್ರಿಪ್ಪಿನ ಮೇಲೆ ಒಂದು ಕೆಂಪು ಗೆರೆ ಕಂಡರೆ ಅದು ಅಂದಕ್ಕೆ ಎಳೆದದ್ದಲ್ಲ, ಚೀಟಿ ಬೇಕು ಎಂದು ಅರ್ಥ. ಜಿಮ್ಮಿಗೆ ಹೋಗಿ ಸಿಕ್ಸ್ ಪ್ಯಾಕಿಗಾಗಿ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವ ಮಿತ್ರರೇ, ಬೆನ್ನ ತುಂಬ ಏಳುವ ಮೊಡವೆ ಅದರದ್ದೇ ಉಡುಗೊರೆ.

ಮುಖಕ್ಕೆ ಮಾತ್ರ ಹೋಗುವ ಮಾತ್ರೆ ಇಲ್ಲ

ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ ಮಾತು ಕೊನೆಗೆ ಇಟ್ಟಿದ್ದೇನೆ. ನಮ್ಮ ಘಟ್ಟದ ಸೀಮೆಯಲ್ಲಿ ಮಳೆಗಾಲದ ಗದ್ದೆ ನೀರಿನಿಂದ ಇಲಿಜ್ವರ ಬರುತ್ತದೆ. ಪೊದೆಯ ಸಣ್ಣ ಹುಳ ಕಚ್ಚಿ ಸ್ಕ್ರಬ್ ಟೈಫಸ್ ಜ್ವರ ಬರುತ್ತದೆ. ಎರಡರಲ್ಲೂ ಜೀವ ಉಳಿಸುವುದು ಇದೇ ಡಾಕ್ಸಿಸೈಕ್ಲಿನ್. ಮೊಡವೆಗೆಂದು ಅಂಗಡಿಯವರು ಕೊಡುವ ಇನ್ನೊಂದು ಮಾತ್ರೆ ಅಜಿತ್ರೋಮೈಸಿನ್, ವಿಷಮಶೀತ ಜ್ವರಕ್ಕೆ ನಮ್ಮ ದೇಶದಲ್ಲಿ ಉಳಿದಿರುವ ಕೆಲವೇ ಆಯುಧಗಳಲ್ಲಿ ಒಂದು.

ನೀವು ನುಂಗಿದ ಮಾತ್ರೆ ಗಲ್ಲದ ಮೊಡವೆಯ ವಿಳಾಸ ಹುಡುಕಿಕೊಂಡು ಹೋಗುವುದಿಲ್ಲ. ಹೊಟ್ಟೆ, ಮೂಗು, ಗಂಟಲು, ಚರ್ಮ... ಎಲ್ಲೆಲ್ಲಿ ಬ್ಯಾಕ್ಟೀರಿಯಾ ಇದೆಯೋ ಅಲ್ಲೆಲ್ಲ ಅದಕ್ಕೆ ಕೆಲಸ. ಮೆತ್ತನೆಯವು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಉಳಿದವು ತಮ್ಮ ವಿದ್ಯೆಯನ್ನು ಬೇರೆಯವಕ್ಕೂ ದಾಟಿಸುತ್ತವೆ. ನಾಳೆ ಮನೆಯ ಅಜ್ಜನಿಗೆ ಗಾಯ ಕೀವಾದಾಗ, ಪುಟ್ಟ ಮಗುವಿಗೆ ನ್ಯುಮೋನಿಯಾ ಆದಾಗ ಔಷಧಿ ನಾಟದೇ ಹೋಗುವುದು ಹೀಗೆ. ಔಷಧಿಗೆ ಬಗ್ಗದ ಇಂಥ ಸೋಂಕಿನಿಂದಲೇ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ಅಂದಾಜು. ಎಲ್ಲಾ ಮೊಡವೆ ಮಾತ್ರೆಯಿಂದ ಅಲ್ಲ, ಹೌದು. ಆದರೆ ಚೀಟಿಯಿಲ್ಲದ ಪ್ರತಿ ಸ್ಟ್ರಿಪ್ಪೂ ಆ ಲೆಕ್ಕಕ್ಕೆ ಒಂದು ಪೈಸೆ ಸೇರಿಸುತ್ತದೆ.

ನಮ್ಮ ಹುಡುಗ ಈಗ ಮೂರು ತಿಂಗಳ ಹೊಸ ಚಿಕಿತ್ಸೆ ಮುಗಿಸಿದ್ದಾನೆ. ಗಂಟುಗಳು ಇಳಿದಿವೆ. ಗುಳಿಬಿದ್ದ ಕಲೆಗಳು ಇವೆ, ಮಾತ್ರೆಯಿಂದ ಅವು ಹೋಗುವುದಿಲ್ಲ. ಕಾಲೇಜಿಗೆ ಮತ್ತೆ ಹೋಗುತ್ತಿದ್ದಾನೆ, ಹಿಂದಿನ ಬೆಂಚೇ. ಇರಲಿ, ಬೆಂಚು ಇನ್ನೊಂದು ದಿನ ಬದಲಾದೀತು.

ಸಿನಿಮಾ ಪತ್ರಿಕೆಯಲ್ಲಿ ಸಿನಿಮಾ ಇಲ್ಲವೇ ಎಂದು ಮುನಿಯಬೇಡಿ. 2015ರಲ್ಲಿ 'ಪ್ರೇಮಂ' ಎಂಬ ಮಲಯಾಳಂ ಚಿತ್ರ ಬಂತು. ಮಲರ್ ಟೀಚರ್ ಆಗಿ ಬಂದ ಹುಡುಗಿಯ ಗಲ್ಲದಲ್ಲಿ ಮೊಡವೆ ಎದ್ದು ಕಾಣುತ್ತಿತ್ತು. ನಿರ್ದೇಶಕ ಆಲ್ಫೋನ್ಸ್ ಪುತ್ರೆನ್ ಅದನ್ನು ಮುಚ್ಚಲಿಲ್ಲ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ಆಕೆ ಸಾಯಿ ಪಲ್ಲವಿ. ನೀಲಗಿರಿಯ ಬಡಗರ ಹುಡುಗಿ, ಅವರ ನುಡಿ ನಮ್ಮ ಕನ್ನಡದ ಹತ್ತಿರದ ನೆಂಟ. ಜಾರ್ಜಿಯಾ ದೇಶದಲ್ಲಿ ಡಾಕ್ಟರಿಕೆ ಓದಿದವರು. ಎರಡು ಕೋಟಿಯ ಫೇರ್‌ನೆಸ್ ಕ್ರೀಮ್ ಜಾಹೀರಾತು ಒಲ್ಲೆ ಎಂದದ್ದು 2019ರಲ್ಲಿ ದೊಡ್ಡ ಸುದ್ದಿ. ಮೊಡವೆಯಿದ್ದೂ ಕ್ಲೋಸಪ್ ಗೆದ್ದ ಮುಖ ಅದು.

ಮೊಡವೆ ಕಾಡಿದರೆ ನಾಚಿಕೆ ಬಿಟ್ಟು ವೈದ್ಯರ ಹತ್ತಿರ ಹೋಗಿ. ಮಾತ್ರೆ ಬರೆದರೆ ಮೂರು ಪ್ರಶ್ನೆ ಕೇಳಿ: ಎಷ್ಟು ದಿನ? ಜೊತೆಗೆ ಏನು ಹಚ್ಚಬೇಕು? ಮತ್ತೆ ಯಾವಾಗ ಬರಬೇಕು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಒಂದು ದೊಡ್ಡ ಲೋಟ ನೀರು ತನ್ನಿ.

ಮುಂದಿನ ವಾರ ಗಾಸಿಪ್ಪೇ ಗಾಸಿಪ್ಪು, ಆಣೆಗೂ!