ನೆಲ ಸರಿದರೆ ನಲ್ಲಿಯ ಗತಿಯೇನು?

ಕಳೆದ ಬೇಸಿಗೆಯಲ್ಲಿ ದೇಶನೂರಿನ ನಮ್ಮ ಓಣಿಗೆ ಮೂರು ದಿನ ನೀರು ಬರಲಿಲ್ಲ. ಎರೆ ನೆಲ ಬಾಯಿಬಿಟ್ಟು, ಹೂತ ಪೈಪಿನ ಜಾಯಿಂಟ್ ಕಳಚಿತ್ತು. ಎಲ್ಲಿ ಕಳಚಿದೆ ಎಂದು ತಿಳಿಯದೆ ಮೂರು ಕಡೆ ಅಗೆದರು. ಅಮ್ಮಿ ಕೊಡ ಹಿಡಿದು ಪಕ್ಕದ ಓಣಿಗೆ ಅಲೆದರು. ಇಷ್ಟಕ್ಕೇ ಹೀಗಾದರೆ, ಭೂಕಂಪವಾದರೆ ಏನು ಗತಿ ಎಂಬ ಪ್ರಶ್ನೆ ಆಗ ಹುಟ್ಟಿತು.

"ಬಳ್ಳಾರಿ ಎರಡನೇ ವಲಯದಲ್ಲಿದೆ, ಇಲ್ಲೆಲ್ಲಿಯ ಭೂಕಂಪ?" ಎಂದು ಗೆಳೆಯರು ನಕ್ಕರು. ಎರಡನೇ ವಲಯವೆಂದರೆ ಅಪಾಯ ಕಡಿಮೆ ಎಂದರ್ಥ, ಇಲ್ಲವೆಂದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಡುಗಿದ ಲಾತೂರು ಜಿಲ್ಲೆಯ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2002ರ ನಕ್ಷೆಯಲ್ಲಿ ಒಂದನೇ ವಲಯವನ್ನೇ ಕೈಬಿಟ್ಟರು.

ಸ್ತರಭಂಗದ ಎರಡು ಬದಿಯ ನೆಲ ಸರಿದಾಗ, ಅದನ್ನು ದಾಟುವ ಪೈಪನ್ನು ಸುತ್ತಲಿನ ಮಣ್ಣು ಹಿಡಿದು ತನ್ನೊಡನೆ ಒಯ್ಯುತ್ತದೆ. ಬೆಸುಗೆ ಹಾಕಿದ ಉಕ್ಕಿನ ಪೈಪು ಎಳೆದರೆ ಹಿಗ್ಗಿ ತಾಳಿಕೊಳ್ಳುತ್ತದೆ. ಎರಡೂ ಕಡೆಯಿಂದ ಒತ್ತಿದರೆ ಸುಕ್ಕುಗಟ್ಟಿ ಬಿರಿಯುತ್ತದೆ. ಆದ್ದರಿಂದ ಪೈಪು ಒತ್ತಡಕ್ಕಲ್ಲ, ಎಳೆತಕ್ಕೆ ಸಿಗುವ ಕೋನದಲ್ಲಿ ಸ್ತರಭಂಗವನ್ನು ದಾಟಬೇಕು. ತಗ್ಗು ಹೆಚ್ಚು ಆಳವಿರಬಾರದು, ಅದರ ಬದಿ ಇಳಿಜಾರಾಗಿರಬೇಕು, ಒಳಗೆ ಸಡಿಲ ಮರಳು ತುಂಬಬೇಕು. ಹತ್ತಿರದಲ್ಲಿ ತಿರುವು, ವಾಲ್ವ್ ಇರಬಾರದು. ಭುಜ್ ಭೂಕಂಪದ ನಂತರ ಗುಜರಾತ್ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕಾಗಿ ಕಾನ್ಪುರ ಐಐಟಿ 2007ರಲ್ಲಿ ಹೂತ ಪೈಪುಗಳಿಗೆಂದೇ ಮಾರ್ಗಸೂಚಿ ಬರೆಯಿತು.

1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನೀರಿನ ಪೈಪುಗಳು ಒಡೆದವು. ಬೆಂಕಿ ಆರಿಸಲು ನೀರಿಲ್ಲದೆ ಊರು ಉರಿಯಿತು. 2002ರಲ್ಲಿ ಅಲಾಸ್ಕಾದ ಡೆನಾಲಿ ಸ್ತರಭಂಗ ಸುಮಾರು ನಾಲ್ಕು ಮೀಟರ್ ಸರಿಯಿತು. ಅಲ್ಲಿ ತೈಲದ ಪೈಪನ್ನು ಹೂಳದೆ, ನೆಲದ ಮೇಲೆ ಜಾರುವ ಆಧಾರಗಳ ಮೇಲೆ ಇರಿಸಿದ್ದರು. ಪೈಪು ಒಡೆಯಲಿಲ್ಲ, ಎಣ್ಣೆ ಚೆಲ್ಲಲಿಲ್ಲ. ನೆಲ ಸರಿಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ್ದರ ಫಲ ಇದು.

ನಮ್ಮೂರಿಗೆ ಜಾರುವ ಆಧಾರ ಬೇಕಿಲ್ಲ, ಅಷ್ಟು ಹಣವೂ ಇಲ್ಲ ಎಂಬುದು ನಿಜ. ಆದರೆ ನಮ್ಮ ಎರೆ ಮಣ್ಣು ಭೂಕಂಪಕ್ಕೆ ಕಾಯುವುದಿಲ್ಲ. ಪ್ರತಿವರ್ಷ ಬೇಸಿಗೆಯಲ್ಲಿ ಕುಗ್ಗಿ, ಮಳೆಯಲ್ಲಿ ಉಬ್ಬಿ ಪೈಪನ್ನು ಎಳೆಯುತ್ತದೆ. ಪೈಪಿನ ಸುತ್ತ ಮರಳು, ಸ್ವಲ್ಪ ಸರಿದರೂ ಕಳಚದ ಜಾಯಿಂಟ್, ಅಲ್ಲಲ್ಲಿ ನೀರು ನಿಲ್ಲಿಸುವ ವಾಲ್ವ್: ಇವಿಷ್ಟು ದಿನನಿತ್ಯಕ್ಕೂ ಬೇಕು, ಭೂಕಂಪದ ದಿನಕ್ಕೂ ಬೇಕು. ಎರಡು ಖರ್ಚಲ್ಲ, ಒಂದೇ ಖರ್ಚು.

ಹೊಸ ಪೈಪು ಹಾಕುವಾಗ ನಾವು ಕೇಳುವುದು ಒಂದೇ ಪ್ರಶ್ನೆ, "ನೀರು ಯಾವಾಗ ಬಿಡ್ತೀರಿ?" ಇನ್ನು ಮುಂದೆ ಗ್ರಾಮಸಭೆಯಲ್ಲಿ "ತಗ್ಗಿಗೆ ಏನು ತುಂಬ್ತೀರಿ? ಜಾಯಿಂಟ್ ಯಾವುದು?" ಎಂದೂ ಕೇಳೋಣ. ಈ ವರ್ಷದ ಎನ್‌ಎಸ್‌ಎಸ್ ಶಿಬಿರದಲ್ಲಿ ಊರಿನ ಪೈಪು ಮತ್ತು ವಾಲ್ವ್‌ಗಳ ನಕ್ಷೆ ಬರೆಯಲು ನಮ್ಮ ಉಪನ್ಯಾಸಕರು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಮುಂದಿನ ಸಲ ಮೂರು ಕಡೆ ಅಗೆಯುವುದಾದರೂ ತಪ್ಪುತ್ತದೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ