ಡಬ್ಬದೊಳಗೆ ಒಂದು ಚೀಟಿಯೂ ಇರಲಿ



ನಮ್ಮ ಅಂಚೆಟ್ಟಿ ಸುತ್ತಿನ ಎಷ್ಟೋ ಮನೆಗಳ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಒಳಗೆ ಅಜ್ಜಿಯ ಜಪಮಾಲೆ, ತಾತನ ಫೋಟೊ, ಮೊದಲ ಪರಮಪ್ರಸಾದದ ದಿನ ಹಿಡಿದ ಮೇಣದಬತ್ತಿ, ಕೈಯಲ್ಲಿ ಬರೆದ ಪ್ರಾರ್ಥನೆ ನೋಟ್‌ಬುಕ್ಕು. ಕಳೆದುಹೋಗಬಾರದು ಅಂತಲೇ ಇಟ್ಟಿದ್ದಾರೆ. ಆದರೆ ಹಾಗೆ ಇಟ್ಟರೆ ವಸ್ತು ಉಳಿಯುವುದು ಕಷ್ಟ, ಅದರ ಕಥೆ ಉಳಿಯುವುದು ಇನ್ನೂ ಕಷ್ಟ. ಪ್ರತಿ ಮನೆಯಲ್ಲೂ ಒಂದು ನೆನಪಿನ ಡಬ್ಬ ಬೇಕು, ಅದನ್ನು ಯುವಜನರಾದ ನಾವೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಹೊಸ ವಿಚಾರವಲ್ಲ. ಯೆರೆಮೀಯನ ಗ್ರಂಥದ 32ನೇ ಅಧ್ಯಾಯ ಓದಿ ನೋಡಿ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದ್ದಾಗ ಪ್ರವಾದಿ 17 ಶೆಕೆಲ್ ಬೆಳ್ಳಿ ಕೊಟ್ಟು ಹೊಲ ಕೊಳ್ಳುತ್ತಾನೆ. ಆ ಕ್ರಯಪತ್ರ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಊರೇ ಹಾಳಾಗುವ ಹೊತ್ತಿನಲ್ಲೂ, ಮುಂದೆ ಇದನ್ನು ತೆಗೆದು ಓದುವವರು ಇರುತ್ತಾರೆ ಎಂಬ ನಂಬಿಕೆ ಅದು. 1947ರ ಸುಮಾರಿಗೆ ಮೃತ ಸಮುದ್ರದ ಬಳಿ ಕುಮ್ರಾನ್ ಗವಿಯಲ್ಲಿ ಕುರಿ ಕಾಯುವವರಿಗೆ ಮಣ್ಣಿನ ಜಾಡಿಗಳು ಸಿಕ್ಕವು. ಸುಮಾರು 2000 ವರ್ಷ ಹಳೆಯ ಯೆಶಾಯನ ಗ್ರಂಥದ ಸುರುಳಿ ಬೆಳಕಿಗೆ ಬಂದದ್ದು ಆ ಗವಿಯಿಂದಲೇ.

ನಮಗೆ ಮಡಕೆಯೇ ಬೇಕೆಂದಿಲ್ಲ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬ ಸಾಕು. ಅದು ತುಕ್ಕು ಹಿಡಿಯುವುದು ಕಡಿಮೆ, ಇಲಿ ಗೆದ್ದಲು ಕಡಿಯುವುದಿಲ್ಲ. ಒಗೆದು ಚೆನ್ನಾಗಿ ಒಣಗಿಸಿದ ಹಳೆಯ ಬಿಳಿ ಪಂಚೆಯ ಬಟ್ಟೆಯನ್ನು ಒಳಗೆ ಹಾಸಿ. ಮಳೆ ಇಲ್ಲದ ಒಣ ದಿನ ನೋಡಿ ತುಂಬಿಸಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ನ್ಯೂಸ್ ಪೇಪರ್‌ನಲ್ಲಿ ಸುತ್ತಬೇಡಿ. ಅದರಲ್ಲಿನ ಆಮ್ಲ ಪಕ್ಕದ ಕಾಗದವನ್ನೂ ಹಳದಿ ಮಾಡುತ್ತದೆ. ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಹಳೆಯ ಪತ್ರಗಳಿಗೆ ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಮೇಣದಬತ್ತಿಯನ್ನು ಬೇರೆ ಬಟ್ಟೆಯಲ್ಲಿ ಸುತ್ತಿ, ಶೀಟಿನ ಕೆಳಗಿನ ಅಟ್ಟದಲ್ಲಿ ಮಾತ್ರ ಇಡಬೇಡಿ.

ಇಷ್ಟು ಮಾಡಿದರೆ ವಸ್ತು ಉಳಿದೀತು. ಆದರೆ ನಮ್ಮ ನಿಜವಾದ ಕಷ್ಟ ಬೇರೆ. ಅಜ್ಜಿ ಪ್ರಾರ್ಥನೆ ಬರೆದದ್ದು ಕನ್ನಡದಲ್ಲಿ. ನಮ್ಮಲ್ಲಿ ಅನೇಕರು ಓದಿದ್ದು ತಮಿಳು ಅಥವಾ ಇಂಗ್ಲಿಷ್ ಮೀಡಿಯಂನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಅಕ್ಷರ ಬಾರದು. ಓದಲು ಯಾರೂ ಇಲ್ಲದ ನೋಟ್‌ಬುಕ್ಕು ಎಷ್ಟು ಭದ್ರವಾಗಿದ್ದರೇನು?

ಅದಕ್ಕೇ ಒಂದೊಂದು ವಸ್ತುವಿನ ಜೊತೆ ಒಂದು ಚೀಟಿ ಇರಲಿ: ಇದು ಯಾರದು, ಯಾವಾಗಿನದು, ಯಾಕೆ ಇಟ್ಟಿದ್ದೇವೆ. ಅಜ್ಜಿ ಹೇಳಲಿ, ನೀವು ಬರೆಯಿರಿ. ಕನ್ನಡ ಅಕ್ಷರ ಬಂದರೆ ಕನ್ನಡದಲ್ಲೇ. ಬಾರದಿದ್ದರೆ ಅಜ್ಜಿಯ ಮಾತನ್ನು ಹಾಗೇ ತಮಿಳು ಅಕ್ಷರದಲ್ಲಿ ಬರೆಯಿರಿ. ಕೆಲವರು ಇದನ್ನು ಒಪ್ಪಲಿಕ್ಕಿಲ್ಲ. ಬರೆಯದೆ ಬಿಡುವುದಕ್ಕಿಂತ ಇದು ಮೇಲು ಎನ್ನುತ್ತೇನೆ ನಾನು. ಹಾಗೆ ಕೂತು ಬರೆಯುವಾಗಲೇ ನಾಲ್ಕು ಕನ್ನಡ ಅಕ್ಷರವನ್ನೂ ಕಲಿಯಬಹುದು.

"ಫೋನಲ್ಲಿ ಫೋಟೊ ಹೊಡೆದರೆ ಸಾಲದಾ?" ಅಂತ ಕೇಳಬಹುದು. ಹೊಡೆಯಿರಿ, ಒಳ್ಳೆಯದೇ. ಆದರೆ ಫೋನು ಕೆಡುತ್ತದೆ. ಮೇಲಾಗಿ ಬೆರಳಿಗೆ ಸವೆದ ಮಣಿಯನ್ನು ಕೈಯಲ್ಲಿ ಹಿಡಿದು ಜಪ ಮಾಡುವುದು ಸ್ಕ್ರೀನಿನಲ್ಲಿ ಆಗುವುದಿಲ್ಲ.

ಎಲ್ಲವನ್ನೂ ಕೂಡಿಡಿ ಎಂದೂ ನಾನು ಹೇಳುತ್ತಿಲ್ಲ. ಗರಿಗಳ ಭಾನುವಾರದ ಗರಿಯನ್ನು ಮನೆಯಲ್ಲಿ ಭಕ್ತಿಯಿಂದ ಇಟ್ಟು, ಮರುವರ್ಷ ವಿಭೂತಿ ಬುಧವಾರದ ಬೂದಿಗೆ ಹಿಂದಿರುಗಿಸುತ್ತೇವೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಧರ್ಮಸಭೆಯೇ ಕಲಿಸಿದೆ. ಒಂದು ಡಬ್ಬದಲ್ಲಿ ಹಿಡಿಯುವಷ್ಟು ಸಾಕು.

ನವೆಂಬರ್ 2, ಮೃತರ ಸ್ಮರಣೆಯ ದಿನ. ಅಷ್ಟರೊಳಗೆ ನಿಮ್ಮ ಮನೆಯ ಹಿರಿಯರ ಪಕ್ಕ ಒಂದು ಸಂಜೆ ಕುಳಿತುಕೊಳ್ಳಿ. ಡಬ್ಬ ಆಮೇಲೆ ಹುಡುಕಿದರೂ ಆದೀತು, ಚೀಟಿ ಮೊದಲು ಬರೆಯಿರಿ. ಡಬ್ಬ ಅಂಗಡಿಯಲ್ಲಿ ಯಾವತ್ತೂ ಸಿಗುತ್ತದೆ. ಕಥೆ ಹೇಳುವವರು ಯಾವತ್ತೂ ಸಿಗುವುದಿಲ್ಲ.